ಬಿಳಿ ಬಂಡೆಯ ಅಂಚಿನಿಂದ ವಡಾಲಕ್ಕೆ

ವಡಾಲ

ಇಂಗ್ಲೆಂಡಿಗೆ ಹೋಗಿ ಬಂದೆ ಎಂದು ಗೊತ್ತಾದ ಮೇಲೆ ನನ್ನ ಹೊಟೇಲಿನ ಗಿರಾಕಿಗಳು ಒಬ್ಬೊಬ್ಬರಾಗಿ ಕೇಳಿದರು. ಅರಮನೆ ನೋಡಿದಿರಾ, ದೊಡ್ಡ ಗಡಿಯಾರ ನೋಡಿದಿರಾ, ಕ್ರಿಕೆಟ್ ಮೈದಾನ ನೋಡಿದಿರಾ ಎಂದು. ಯಾವುದನ್ನೂ ನೋಡಲಿಲ್ಲ. ಲಂಡನ್ನಿನಲ್ಲಿ ನಾನು ಕಂಡದ್ದು ಒಂದು ವಿಮಾನ ನಿಲ್ದಾಣ, ಒಂದು ರೈಲ್ವೆ ಸ್ಟೇಷನ್ನು, ಅಷ್ಟೆ. ನಾನೂ ಅಕ್ಕನೂ ಹೋದದ್ದು ಸಮುದ್ರದ ದಡದ ಒಂದು ಹುಲ್ಲುಗುಡ್ಡಕ್ಕೆ. ಅದನ್ನು ನೋಡಲು ಹೋದೆವು ಎಂದರೂ ಸರಿಯಲ್ಲ. ನನ್ನ ಅಕ್ಕನ ಮಗನನ್ನು ಮನೆಗೆ ಕರೆದುಕೊಂಡು ಬರಲು ಹೋದೆವು.

ಅವನು ತೀರಿಕೊಂಡು ಆಗ ವರ್ಷವಾಗುತ್ತ ಬಂದಿತ್ತು.

ಹೆಸರು ನಿತಿನ್. ಹುಟ್ಟಿ ಬೆಳೆದದ್ದು ಮುಂಬಯಿಯ ವಡಾಲದಲ್ಲಿ. ದೋಸೆ ಹುಯ್ಯಲು ಕಲಿತದ್ದು ಕುರ್ಲಾ ಸ್ಟೇಷನ್ನಿನ ಹತ್ತಿರದ ನನ್ನ ಹೊಟೇಲಿನಲ್ಲಿ. ಆಮೇಲೆ ಕ್ಯಾಟರಿಂಗ್ ಓದಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಇಂಗ್ಲೆಂಡಿನ ದಕ್ಷಿಣ ತೀರದ ಸಣ್ಣ ಊರೊಂದರ ಇಂಡಿಯನ್ ರೆಸ್ಟೋರೆಂಟಿಗೆ ಅಡುಗೆಯವನಾಗಿ ಹೋದ. ಅಲ್ಲಿ ವಾರದ ರಜೆಯ ದಿನ ಗುಡ್ಡದ ಮೇಲೆ ತಿರುಗಾಡುತ್ತಿದ್ದಾಗ ಅಂಚು ಕುಸಿದು ಕೆಳಗೆ ಬಿದ್ದ. ಶವ ಬಂತು, ಸಂಸ್ಕಾರ ಆಯಿತು. ಬೀಳುವ ಸ್ವಲ್ಪ ಮೊದಲು ಯಾರೋ ಪ್ರವಾಸಿಗರ ಕೈಯಲ್ಲಿ ತೆಗೆಸಿ ತಾಯಿಗೆ ಕಳಿಸಿದ ಒಂದು ಫೋಟೋ ಉಳಿಯಿತು. ಹಿಂದೆ ಸಮುದ್ರ, ಪಕ್ಕದಲ್ಲಿ ಒಂದು ಮರದ ಗೂಟ. ಅವನು ಒಂದು ಕೈ ಮೇಲೆತ್ತಿ, ಇಲ್ಲದ ಕಂಬಿಯನ್ನು ಹಿಡಿದವನಂತೆ, ಮೈಯನ್ನು ತುಸು ವಾಲಿಸಿ ನಿಂತಿದ್ದಾನೆ. ನಮ್ಮ ಹಾರ್ಬರ್ ಲೈನಿನ ಲೋಕಲ್ ಟ್ರೇನಿನ ಬಾಗಿಲಲ್ಲಿ ನಾವೆಲ್ಲ ನಿಲ್ಲುವ ಭಂಗಿ ಅದು. ಕೆಳಗೆ ಬರೆದಿದ್ದ: "ಅಮ್ಮ, ಹಾರ್ಬರ್ ಲೈನಿನ ಡೋರಿಗಿಂತ ಇಲ್ಲಿ ಗಾಳಿ ಜೋರುಂಟು."

ಜನ ಬಾಯಿಗೆ ಬಂದಂತೆ ಮಾತಾಡಿದರು. ಫೋಟೋದ ಹುಚ್ಚು ಎಂದರು. ಕುಡಿದಿದ್ದನೋ ಏನೋ ಎಂದರು. ಕಾಂದಿವಲಿಯ ನಮ್ಮ ನೆಂಟರೊಬ್ಬರು ಅಕ್ಕನ ಎದುರೇ, ಈಗಿನ ಹುಡುಗರಿಗೆ ಜೀವದ ಬೆಲೆ ಗೊತ್ತಿಲ್ಲ ಎಂದು ದೊಡ್ಡ ಉಪದೇಶ ಮಾಡಿ ಕಾಫಿ ಕುಡಿದು ಹೋದರು. ಅಕ್ಕನ ಹೆಸರು ಸುಮತಿ. ಗಂಡನನ್ನು ಬೇಗ ಕಳೆದುಕೊಂಡು ಹೊಲಿಗೆ ಮಾಡಿ ಮಗನನ್ನು ಬೆಳೆಸಿದವಳು. ಅವಳು ಯಾರಿಗೂ ಎದುರಾಡಲಿಲ್ಲ. ನನ್ನಲ್ಲಿ ಮಾತ್ರ ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ನಿಂತಲ್ಲೇ ನೆಲ ಹೋಯ್ತು ಅಂದ್ರೆ ಎಂತ ವಿಠಲ? ನೆಲ ಎಲ್ಲಿಗೆ ಹೋಗ್ತದೆ?"



ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ತುಳುವರೆಲ್ಲರ ಮನೆಯಲ್ಲೂ ಇದೆ ಎಂದು ಹೇಳಲಾರೆ, ನಮ್ಮ ಅಜ್ಜಿ ಮಾಡಿದ್ದನ್ನು ಕಂಡಿದ್ದೇನೆ. ಮನೆಯಿಂದ ದೂರದಲ್ಲಿ, ಆಗಬಾರದ ರೀತಿಯಲ್ಲಿ ಹೋದವರು ತಾವು ಕಡೆಯ ಸಲ ನಿಂತ ಜಾಗದಲ್ಲೇ ದಾರಿ ತಿಳಿಯದೆ ನಿಂತಿರುತ್ತಾರಂತೆ. ವರ್ಷ ತುಂಬುವುದರೊಳಗೆ ತಾಯಿ ಅಲ್ಲಿಗೆ ಹೋಗಬೇಕು. ಸೋದರಮಾವ ತೆಂಗಿನಕಾಯಿ ಇಡಬೇಕು, ತಾಯಿ ಹೆಸರು ಹಿಡಿದು ಕರೆಯಬೇಕು. ಕರೆದ ಮೇಲೆ ಅವಳು ತಿರುಗಿ ನೋಡುವಂತಿಲ್ಲ, ಮನೆ ಮುಟ್ಟುವವರೆಗೆ ಬಾಯಿ ಬಿಡುವಂತಿಲ್ಲ. ಹೊಸ್ತಿಲಲ್ಲಿ ನಿಂತು "ಒಳಗೆ ಬಾ" ಎನ್ನುವುದೇ ಅವಳ ಮೊದಲ ಮಾತಾಗಬೇಕು. ನಡುದಾರಿಯಲ್ಲಿ ಮಾತಾಡಿದರೆ ಹಿಂದೆ ಬರುತ್ತಿರುವವರು ಅಲ್ಲೇ ತಪ್ಪಿಹೋಗುತ್ತಾರೆ. ಹೊಳೆಯಲ್ಲಿ ಮುಳುಗಿದ ತಮ್ಮದೇ ಮಗನನ್ನು ಅಜ್ಜಿ ಹೀಗೆ ಕರೆತಂದಿದ್ದರು. ಆದರೆ ಆ ಹೊಳೆ ಮನೆಯಿಂದ ಕೂಗಳತೆಯಲ್ಲಿತ್ತು. ಇಂಗ್ಲೆಂಡು ಹಾಗಲ್ಲ.

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಹಾಗೆಂದು ಅಕ್ಕನಿಗೆ ಹೇಳಿಯೂ ಬಿಟ್ಟೆ.

"ನೀನು ನಂಬಬೇಕಂತ ಇಲ್ಲ," ಎಂದಳು. "ಕಾಯಿ ಹಿಡಿಲಿಕ್ಕೆ ಮಾವ ಬೇಕು. ಬಾ ಅಷ್ಟೆ."

ವಿಮಾನ ನಿಲ್ದಾಣದ ಟ್ರೇ

ಕಾಯಿಯನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿದ್ದರೆ ಏನಾಗುತ್ತಿತ್ತೋ. ಒಡೆದರೆ ಎಂಬ ಹೆದರಿಕೆಗೆ ನಾನೇ ಅದನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಊರಿನಿಂದ ತರಿಸಿದ, ಒಳ್ಳೆಯ ಜುಟ್ಟಿನ ಕಾಯಿ. ತಪಾಸಣೆಯ ಹೆಣ್ಣುಮಗಳು ಅದನ್ನು ಹೊರಗೆ ತೆಗೆದು, "ಯೇ ನಹೀ ಜಾಯೇಗಾ ಅಂಕಲ್," ಎಂದಳು. ನಾನು ವಾದ ಮಾಡಲು ಬಾಯಿ ತೆರೆದೆ. ಅಕ್ಕ ನನ್ನ ತೋಳು ಹಿಡಿದಳು. ಕಸಿದುಕೊಂಡ ಸಾಮಾನಿನ ಟ್ರೇಯಲ್ಲಿ, ಕತ್ತರಿ, ಲೈಟರು, ಶಾಂಪೂ ಬಾಟಲಿಗಳ ನಡುವೆ ನಮ್ಮ ಕಾಯಿ ಜುಟ್ಟು ಮೇಲೆ ಮಾಡಿಕೊಂಡು ಕುಳಿತಿತ್ತು. ಅಕ್ಕ ಅದನ್ನು ನೋಡುತ್ತಲೇ ಮುಂದೆ ಹೋದಳು.

ವಿಮಾನದಲ್ಲಿ ಅವಳು ನಿದ್ದೆ ಮಾಡಲಿಲ್ಲ. ನಾನು ಊಟದ ತಟ್ಟೆಗಳನ್ನು ಟೀಕೆ ಮಾಡಿ ಅವಳನ್ನು ನಗಿಸಲು ನೋಡಿದೆ. ನಲವತ್ತು ವರ್ಷ ಹೊಟೇಲಿನ ಗಲ್ಲಾದಲ್ಲಿ ಕುಳಿತವನಿಗೆ ಇನ್ನೊಬ್ಬರ ಅಡುಗೆಯಲ್ಲಿ ತಪ್ಪು ಹುಡುಕುವುದು ಕಷ್ಟದ ಕೆಲಸವಲ್ಲ. ಅವಳು ನಗಲಿಲ್ಲ. ನನಗೂ ಆಮೇಲೆ ಸಾಕೆನಿಸಿತು.

ಕಮಾಲ್ ಭಾಯಿಯ ಊರು

ನಿತಿನ್ ಕೆಲಸ ಮಾಡುತ್ತಿದ್ದ ರೆಸ್ಟೋರೆಂಟಿನ ಮಾಲೀಕರು ಬಾಂಗ್ಲಾದೇಶದವರು, ಹೆಸರು ಕಮಾಲ್ ಭಾಯಿ. ನನ್ನದೇ ವಯಸ್ಸು, ನನ್ನ ಹಾಗೇ ಹೊಟ್ಟೆ, ನನ್ನ ಹಾಗೇ ಯಾವಾಗಲೂ ಹೆಗಲ ಮೇಲೊಂದು ಬಟ್ಟೆ. ಅವರ ಹಿಂದಿಯಲ್ಲಿ ಬಂಗಾಳಿ ತುಂಬಿತ್ತು, ನನ್ನ ಹಿಂದಿಯಲ್ಲಿ ಕುರ್ಲಾ ತುಂಬಿತ್ತು. ಇಬ್ಬರಿಗೂ ತೊಂದರೆಯಾಗಲಿಲ್ಲ. ರೆಸ್ಟೋರೆಂಟಿನ ಮೇಲಿನ ಕೋಣೆಯಲ್ಲಿ, ನಿತಿನ್ ಇರುತ್ತಿದ್ದ ಕೋಣೆಯಲ್ಲೇ, ನಮಗೆ ಜಾಗ ಮಾಡಿಕೊಟ್ಟರು. ಕೆಳಗೆ ಅಡುಗೆಮನೆಯ ಗೋಡೆಯಲ್ಲಿ ಅವನ ಏಪ್ರನ್ ಇನ್ನೂ ನೇತಾಡುತ್ತಿತ್ತು. ತೆಗೆಯಲು ಯಾರಿಗೂ ಕೈ ಬರಲಿಲ್ಲವಂತೆ.

"ಬೆಹನ್‌ಜೀ, ನಮ್ಮ ಸೋಮವಾರದ ನಾಷ್ಟಾ ಅವನದೇ," ಎಂದರು ಕಮಾಲ್ ಭಾಯಿ. "ಉಪ್ಪಿಟ್ಟು ಮಾಡ್ತಿದ್ದ. ಮೊದಲ ಸಲ ನೋಡಿ ಇದೇನು ಗಾರೆ ಕಲಸಿದ್ದೀಯಾ ಅಂದೆ. ಆಮೇಲೆ ನಾವೆಲ್ಲ ಸೋಮವಾರಕ್ಕೆ ಕಾಯ್ತಿದ್ದೆವು."

ಅಕ್ಕ ಆ ಏಪ್ರನಿನ ತುದಿಯನ್ನು ಮುಟ್ಟಿ ನೋಡಿದಳು. ಹೊಲಿಗೆ ಬಿಟ್ಟಿತ್ತು. ಸೂಜಿ ದಾರ ಇದೆಯೇ ಎಂದು ಕೇಳಿ, ಅಲ್ಲೇ ನಿಂತು ಹೊಲಿದು, ಮತ್ತೆ ಅದೇ ಜಾಗದಲ್ಲಿ ನೇತುಹಾಕಿದಳು.

ಕಾಯಿಯ ಕಥೆ ಕೇಳಿ ಕಮಾಲ್ ಭಾಯಿ ತಾವೇ ಅಂಗಡಿಗೆ ಓಡಿದರು. ತಂದದ್ದು ಬೋಳು ಕಾಯಿ. ಅಲ್ಲಿನ ಕಾಯಿಗೆ ಜುಟ್ಟಿರುವುದಿಲ್ಲ. ನುಣ್ಣಗೆ ಹೆರೆದು, ಒಡೆಯಲು ಸುಲಭವಾಗಲೆಂದು ಸುತ್ತ ಒಂದು ಗೆರೆ ಕೊರೆದು, ಬಾರ್‌ಕೋಡ್ ಅಂಟಿಸಿ ಮಾರುತ್ತಾರೆ. ಜುಟ್ಟಿಲ್ಲದ ಕಾಯಿಯನ್ನು ನಮ್ಮಲ್ಲಿ ದೇವರ ಮುಂದೆ ಯಾರೂ ಇಡುವುದಿಲ್ಲ. ಅಕ್ಕ ಅದನ್ನು ಕೈಯಲ್ಲಿ ತಿರುಗಿಸಿ, ಉಗುರಿನಿಂದ ಬಾರ್‌ಕೋಡ್ ಕಿತ್ತು, "ಆಗ್ಲಿ," ಎಂದಳು. "ಅವನೂ ಇಲ್ಲಿ ಇದನ್ನೇ ತುರಿದದ್ದಲ್ವಾ."

ಆ ಊರಿನವರ ಅಭ್ಯಾಸಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಉಳಿದಿದೆ. ಸಮುದ್ರದ ದಾರಿಯುದ್ದಕ್ಕೂ ಮರದ ಬೆಂಚುಗಳು, ಒಂದೊಂದರ ಬೆನ್ನಿಗೂ ಸತ್ತವರ ಹೆಸರಿನ ಸಣ್ಣ ತಗಡು. ಇವರಿಗೆ ಈ ನೋಟ ಇಷ್ಟವಾಗಿತ್ತು ಎಂದು ಬರೆದಿರುತ್ತಾರೆ. ನಮ್ಮಲ್ಲಿ ಸಭಾಂಗಣದ ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳು ತಮ್ಮ ಹೆಸರು ಬರೆಸಿ, ಅದು ತಿರುಗುವಾಗ ಯಾರಿಗೂ ಓದಲಾಗದಂತೆ ಮಾಡಿಕೊಳ್ಳುತ್ತಾರೆ. ಇವರದು ಮೇಲು ಎಂದುಕೊಂಡು ನಾನು ಒಂದು ಬೆಂಚಿನಲ್ಲಿ ಕುಳಿತೆ. ಅಕ್ಕ ಕೂರಲಿಲ್ಲ. "ಅವರು ಕೂತಿರ್ತಾರೆ ಮಾರಾಯ, ಏಳು," ಎಂದಳು. ನಾನು ಎದ್ದೆ.

ಮೇಲೆ

ಕಮಾಲ್ ಭಾಯಿ ಮಧ್ಯಾಹ್ನದ ಹೊತ್ತಿಗೆ ನಮ್ಮನ್ನು ಕಾರಿನಲ್ಲಿ ಗುಡ್ಡದ ಬುಡಕ್ಕೆ ಬಿಟ್ಟರು. ನಿತಿನ್ ಬಿದ್ದಂದಿನಿಂದ ಅವರು ಮೇಲೆ ಹತ್ತಿಲ್ಲ, ಹತ್ತುವುದೂ ಇಲ್ಲವೆಂದು ಕಾರಿನಲ್ಲೇ ಕುಳಿತರು.

ದಾರಿಯ ಆರಂಭದಲ್ಲಿ ಹಳದಿ ಬೋರ್ಡು. ಅದರಲ್ಲಿ ಕಪ್ಪು ಬಣ್ಣದ ಒಬ್ಬ ಮನುಷ್ಯ, ಅವನ ಕಾಲಡಿಯಿಂದ ಉದುರುತ್ತಿರುವ ಕಲ್ಲುಗಳು. ಅಂಚು ಗಟ್ಟಿಯಿಲ್ಲ, ದೂರವಿರಿ ಎಂದು ಬರೆದಿತ್ತು. ನಾನು ಪೂರ್ತಿ ಓದಿದೆ. ಅಕ್ಕನಿಗೆ ಅರ್ಥವನ್ನೂ ಹೇಳಿದೆ. ಓದಿದ್ದಾಯಿತು ಎಂಬ ಸಮಾಧಾನದಲ್ಲಿ ಅದನ್ನು ದಾಟಿ ಹೋದೆವು. ಕುರ್ಲಾದಲ್ಲಿ ಹಳಿ ದಾಟಬೇಡಿ ಎಂಬ ಬೋರ್ಡನ್ನು ದಿನವೂ ಓದಿ, ಓದಿದ ಮೇಲೆ ಹಳಿ ದಾಟುವವರಲ್ಲಿ ನಾನೂ ಒಬ್ಬ.

ಆ ಗುಡ್ಡ ಹೇಗಿದೆ ಎಂದು ನಮ್ಮವರಿಗೆ ಹೇಳುವುದು ಕಷ್ಟ. ಬಾಂದ್ರಾದ ದಡದ ಬಂಡೆಗಳನ್ನು ನೋಡಿದರೆ ಯಾರಿಗಾದರೂ ಅಪಾಯ ತಿಳಿಯುತ್ತದೆ. ಕಪ್ಪು, ಒರಟು, ಪಾಚಿ ಹಿಡಿದು ಜಾರುತ್ತವೆ, ಅಲೆ ಬಂದು ಬಡಿಯುತ್ತದೆ. ಆದರೂ ಜನ ಇಳಿಯುತ್ತಾರೆ, ಆ ಮಾತು ಬೇರೆ. ಇಲ್ಲಿ ಹಾಗೇನೂ ಇಲ್ಲ. ಮೆತ್ತನೆಯ ಹುಲ್ಲು, ಅಲ್ಲಲ್ಲಿ ಸಣ್ಣ ಹಳದಿ ಹೂ, ದೂರದಲ್ಲಿ ಕುರಿಗಳು. ಹುಲ್ಲು ನಿಧಾನವಾಗಿ ಏರುತ್ತ ಹೋಗಿ ಒಂದು ಕಡೆ ಸುಮ್ಮನೆ ಮುಗಿಯುತ್ತದೆ. ಬೇಲಿ ಇಲ್ಲ. ಆಚೆಗೆ ಆಕಾಶ. ಕೆಳಗೆ ನಮ್ಮ ದೊಡ್ಡ ಬಿಲ್ಡಿಂಗುಗಳಷ್ಟು ಆಳದಲ್ಲಿ ಸಮುದ್ರವಿದೆ ಎಂಬುದು ಮೇಲೆ ನಿಂತವನಿಗೆ ಕಾಣುವುದೇ ಇಲ್ಲ. ನನಗೆ ಒಂದಿಷ್ಟೂ ಹೆದರಿಕೆ ಆಗಲಿಲ್ಲ. ಆಗದಿದ್ದದ್ದೇ ತಪ್ಪು ಎಂದು ಈಗ ಗೊತ್ತಾಗಿದೆ.

ಅಕ್ಕ ಫೋನಿನಲ್ಲಿ ಆ ಫೋಟೋ ತೆರೆದು ಹಿಡಿದಿದ್ದಳು. ಗೂಟ ಹುಡುಕುತ್ತ ನಡೆದೆವು. ಗಾಳಿ ಸೀರೆಯನ್ನು ಎಳೆಯುತ್ತಿತ್ತು. ಒಂದು ತಗ್ಗು ದಾಟಿ ಮೇಲೆ ಬಂದಾಗ ಗೂಟ ಸಿಕ್ಕಿತು. ಅದೇ ಗೂಟ, ತಲೆಯಲ್ಲಿ ಅದೇ ಸೀಳು. ಫೋಟೋದಲ್ಲಿ ಅದರಾಚೆ ಒಂದು ಕೋಣೆಯಷ್ಟು ಅಗಲ ಹುಲ್ಲಿತ್ತು, ನಿತಿನ್ ಆ ಹುಲ್ಲಿನ ಮೇಲೆ ನಿಂತಿದ್ದ. ಈಗ ಗೂಟ ಅಂಚಿನಲ್ಲೇ ಇತ್ತು, ಸ್ವಲ್ಪ ಓರೆಯಾಗಿ.

"ಇಲ್ಲೇ," ಎಂದಳು ಅಕ್ಕ. "ಕಾಯಿ ತೆಗಿ."

ಅವಳು ಗೂಟದ ಕಡೆ ನಡೆದಳು. ನಾನು ಅವಳನ್ನು ತಡೆಯಬೇಕಿತ್ತು. ತಡೆಯುವುದಿರಲಿ, ಚೀಲದಿಂದ ಕಾಯಿ ತೆಗೆಯುತ್ತ ಅವಳಿಗಿಂತ ಮುಂದೆ ಹೋದೆ. ಪ್ರಾಯದಲ್ಲಿ ಬೆಳಗಿನ ಲೋಕಲಿನಲ್ಲಿ ಬೆರಳ ತುದಿಯಲ್ಲಿ ನೇತಾಡಿಕೊಂಡು ಹೋದವನು ನಾನು. ಅಂಚಿನಲ್ಲಿ ನಿಲ್ಲುವುದು ನಮಗೆ ಯಾರೂ ಕಲಿಸಬೇಕಾದದ್ದಲ್ಲ. ಕಾಲಡಿಯಲ್ಲಿ ಕಬ್ಬಿಣವಿದೆ, ಕೈಯಲ್ಲಿ ಕಂಬಿಯಿದೆ ಎಂಬ ಧೈರ್ಯ ಮೈಯಲ್ಲಿ ಸೇರಿಬಿಟ್ಟಿರುತ್ತದೆ. ಇಲ್ಲಿ ಎರಡೂ ಇಲ್ಲವೆಂದು ಮೈಗೆ ಹೇಗೆ ತಿಳಿಯಬೇಕು? ಹುಲ್ಲಿನಲ್ಲಿ ಒಂದು ಕಡೆ ದಾರದಂಥ ಗೆರೆ ಇತ್ತು. ಕುರಿ ನಡೆದ ಜಾಡು ಎಂದುಕೊಂಡು ದಾಟಿದೆ, ಹಿಂದೆಯೇ ಅಕ್ಕನೂ ದಾಟಿದಳು.

ಆಗ ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿಸಿತು. ಕೂಗಿದ್ದಲ್ಲ, ಪಕ್ಕದ ಮನೆಯವರನ್ನು ಮಾತಾಡಿಸಿದ ಹಾಗೆ. "ಕ್ಷಮಿಸಿ, ನನಗೆ ಸ್ವಲ್ಪ ಸಹಾಯ ಮಾಡ್ತೀರಾ? ನನ್ನನ್ನು ಎಬ್ಬಿಸ್ತೀರಾ?"

ತಿರುಗಿ ನೋಡಿದೆವು. ಕೆಂಪು ಕೋಟು ಹಾಕಿಕೊಂಡ ವಯಸ್ಸಾದ ಹೆಂಗಸೊಬ್ಬರು ಹುಲ್ಲಿನ ಮೇಲೆ ಕುಳಿತು ನಮ್ಮತ್ತ ಕೈ ಚಾಚಿದ್ದರು. ಪಕ್ಕದಲ್ಲಿ ಕಂದು ನಾಯಿ. ಬಿದ್ದಿದ್ದಾರೆ ಎಂದುಕೊಂಡು ಇಬ್ಬರೂ ಅವರ ಕಡೆ ಧಾವಿಸಿದೆವು. ನಾನು ಕೈ ಹಿಡಿದು ಎಬ್ಬಿಸಿದೆ. ಎದ್ದವರು ನನ್ನ ಕೈ ಬಿಡಲಿಲ್ಲ. ಇನ್ನಷ್ಟು ದೂರ ನಡೆಸಿಕೊಂಡು ಹೋಗಿ, ಆಮೇಲೆ ಬಿಟ್ಟರು.

"ನನಗೇನೂ ಆಗಿರಲಿಲ್ಲ," ಎಂದರು. "ಹಿಂದೆ ಬನ್ನಿ ಅಂತ ಕಿರುಚಿದರೆ ಜನ ಬೆಚ್ಚಿ ತಿರುಗ್ತಾರೆ, ಕಾಲು ಎಲ್ಲೋ ಇಡ್ತಾರೆ. ಸಹಾಯ ಕೇಳಿದರೆ ನೇರವಾಗಿ ನನ್ನ ಹತ್ತಿರ ಬರ್ತಾರೆ."

ನಾನು ದಾಟಿದ ಗೆರೆಯನ್ನು ಬೆರಳಿನಿಂದ ತೋರಿಸಿದರು. ಅದು ಕುರಿಯ ಜಾಡಲ್ಲ, ನೆಲದ ಬಿರುಕು. ಗೂಟ ಬಿರುಕಿನಾಚೆ ಇತ್ತು. ಒಂದು ಕ್ಷಣದ ಹಿಂದೆ ನಾನೂ ಅಕ್ಕನೂ ಬಿರುಕಿನಾಚೆ ಇದ್ದೆವು. ಎಬ್ಬಿಸಿದವನೇ ಕೆಳಗೆ ಕುಳಿತೆ.

ಅವರ ಹೆಸರು ಮಾರ್ಗರೆಟ್. ಹಲ್ಲಿನ ಡಾಕ್ಟರಾಗಿದ್ದು ನಿವೃತ್ತರಾದವರು. ದಿನವೂ ನಾಯಿಯ ಜೊತೆ ಅಲ್ಲಿ ನಡೆಯುತ್ತಾರೆ. ನಾವು ಬಂದ ಕಾರಣವನ್ನು ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಅಕ್ಕ ಫೋನನ್ನು ಅವರ ಮುಂದೆ ಹಿಡಿದು, ಅವನು ನಿಂತ ಜಾಗ ಯಾವುದು ಎಂದು ಕೇಳಲು ಹೇಳಿದಳು. ಮಾರ್ಗರೆಟ್ ಫೋಟೋ ನೋಡಿದರು, ಗೂಟ ನೋಡಿದರು, ಮತ್ತೆ ಫೋಟೋ ನೋಡಿದರು.

"ಆ ಜಾಗ ಈಗ ಇಲ್ಲ," ಎಂದರು. ಗೂಟದಾಚೆಯ ಗಾಳಿಯತ್ತ ಕೈ ತೋರಿಸಿದರು. "ಅಲ್ಲಿತ್ತು."

ಅಕ್ಕನಿಗೆ ನಾನು ಅನುವಾದ ಮಾಡಬೇಕಾಗಿ ಬರಲಿಲ್ಲ. ಅಲ್ಲಿ ಒಂದು ಬಿಳಿ ಹಕ್ಕಿ ರೆಕ್ಕೆ ಬಡಿಯದೆ ತೇಲುತ್ತಿತ್ತು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

"ಜಾಗವೇ ಇಲ್ಲದಿದ್ರೆ ಅವನು ಎಲ್ಲಿ ನಿಂತಿರ್ತಾನೆ?" ಎಂದಳು. "ನಾನು ಎಲ್ಲಿಂದ ಕರೀಲಿ ವಿಠಲ?"

ವರ್ಷದಲ್ಲಿ ಮೊದಲ ಬಾರಿ ಅವಳು ನನ್ನೆದುರು ಅತ್ತಳು. ನನಗೂ ತಡೆಯಲಾಗಲಿಲ್ಲ.

ಕೆಳಗೆ

ಅವಳು ಕೇಳಿದ್ದನ್ನು ಮಾರ್ಗರೆಟ್‌ಗೆ ಹೇಳಿದೆ. ಹೇಳುವಾಗ ನಾಚಿಕೆಯಾಯಿತು, ನಗುತ್ತಾರೇನೋ ಎಂದು. ಅವರು ನಗಲಿಲ್ಲ.

"ನೆಲ ಎಲ್ಲಿಗೂ ಹೋಗಿಲ್ಲ," ಎಂದರು. "ಕೆಳಗಿದೆ. ಈಗ ನೀರು ಇಳಿಯುವ ಹೊತ್ತು. ನಾನು ಹೇಳಿದ ಕಡೆ ಮಾತ್ರ ನಡೀತೀರಿ ಅಂದರೆ ತೋರಿಸ್ತೇನೆ."

ಗುಡ್ಡ ಇಳಿದು, ಕಮಾಲ್ ಭಾಯಿಗೆ ಕೈಸನ್ನೆ ಮಾಡಿ, ಮೆಟ್ಟಿಲುಗಳ ದಾರಿಯಲ್ಲಿ ತೀರಕ್ಕೆ ಹೋದೆವು. ಅಲ್ಲಿ ಮರಳಿಲ್ಲ, ಗುಂಡುಕಲ್ಲುಗಳು. ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದಳು, ಆಮೇಲೆ ಮತ್ತೆ ಹಾಕಿಕೊಂಡಳು. ಬಂಡೆಯ ಬುಡಕ್ಕೆ ಮಾರ್ಗರೆಟ್ ನಮ್ಮನ್ನು ಬಿಡಲಿಲ್ಲ, ಮೇಲಿನಿಂದ ಯಾವಾಗ ಬೇಕಾದರೂ ಕಲ್ಲು ಉದುರುತ್ತದಂತೆ. ಮೇಲಿನಿಂದ ಬೀಳುವವರಿಗಿಂತ ಕೆಳಗೆ ನೆರಳಿಗೆ ಕೂರುವವರ ಚಿಂತೆ ಅವರಿಗೆ ಹೆಚ್ಚು. ನೀರಿನ ಅಂಚಿನಲ್ಲೇ ನಡೆಸಿಕೊಂಡು ಹೋಗಿ, ಒಂದು ಕಡೆ ನಿಲ್ಲಿಸಿ, ಈಗ ಮೇಲೆ ನೋಡಿ ಎಂದರು.

ಸೀಮೆಸುಣ್ಣದ ಹಾಗೆ ಬಿಳಿಯಾದ, ನಮ್ಮ ಕಣ್ಣಳತೆಗೆ ಸಿಗದಷ್ಟು ಎತ್ತರದ ಗೋಡೆ. ಅದರ ನೆತ್ತಿಯಲ್ಲಿ ಹುಲ್ಲು. ಆ ಹುಲ್ಲು ಗೋಡೆಗಿಂತ ಮುಂದಕ್ಕೆ ಚಾಚಿಕೊಂಡಿತ್ತು, ಮನೆಯ ಮಾಡಿನ ಸೂರಿನಂತೆ. ಅದರ ಅಡಿಯಲ್ಲಿ ಏನೂ ಇರಲಿಲ್ಲ. ಆ ಸೂರಿನ ತುದಿಯಲ್ಲಿ, ಆಕಾಶಕ್ಕೆ ಎದುರಾಗಿ, ಕಡ್ಡಿಯಷ್ಟು ಸಣ್ಣಗೆ ನಮ್ಮ ಗೂಟ ಕಾಣುತ್ತಿತ್ತು.

"ನಾವು ನಿಂತದ್ದು ಅದರ ಮೇಲೆಯಾ?" ಎಂದಳು ಅಕ್ಕ.

"ಹೌದು," ಎಂದೆ.

"ಮೇಲಿಂದ ಗೊತ್ತೇ ಆಗ್ಲಿಲ್ಲ ನಮಗೆ."

ಮಾರ್ಗರೆಟ್ ತಮ್ಮ ಕಸುಬಿನ ಮಾತಿನಲ್ಲಿ ವಿವರಿಸಿದರು. ಹಲ್ಲು ಹೊರಗಿನಿಂದ ಚೆನ್ನಾಗಿಯೇ ಇರುತ್ತದೆ, ಒಳಗಿನಿಂದ ಖಾಲಿಯಾಗಿರುತ್ತದೆ. ಒಂದು ದಿನ ಮೆತ್ತನೆಯ ರೊಟ್ಟಿ ಕಚ್ಚಿದಾಗ ಮುರಿಯುತ್ತದೆ. ರೋಗಿ ಬಂದು ರೊಟ್ಟಿಯನ್ನು ಬೈಯುತ್ತಾನೆ. ಬಂಡೆಯೂ ಹಾಗೆಯೇ. ಮಳೆ ಮೇಲಿನಿಂದ, ಅಲೆ ಕೆಳಗಿನಿಂದ, ವರ್ಷಗಟ್ಟಲೆ ತಿನ್ನುತ್ತವೆ. ಕಡೆಗೆ ಅಲ್ಲಿ ನಿಂತವನ ಮೇಲೆ ತಪ್ಪು ಬರುತ್ತದೆ.

ಬುಡದಲ್ಲಿ ಬಿಳಿ ಬಂಡೆಗಳ ರಾಶಿ ಬಿದ್ದಿತ್ತು. ಅದರ ಮೇಲೊಂದು ಕಡೆ, ಮಣ್ಣು ಸಮೇತ ಬಂದ ಹುಲ್ಲಿನ ತುಂಡು. ಅದು ಇನ್ನೂ ಹಸಿರಾಗಿತ್ತು, ಅದರಲ್ಲೂ ಹಳದಿ ಹೂ ಬಿಟ್ಟಿತ್ತು.

"ಅದಾ ಅವನು ನಿಂತದ್ದು?" ಅಕ್ಕ ಕೇಳಿದಳು.

ಹೌದು ಎನ್ನಿ ಎಂದು ನಾನು ಕಣ್ಣಿನಲ್ಲೇ ಮಾರ್ಗರೆಟ್ ಅವರನ್ನು ಬೇಡಿಕೊಂಡೆ. ಅವರು ತಲೆ ಅಲ್ಲಾಡಿಸಿದರು. "ಅದೇ ಎಂದು ಹೇಳಲಾರೆ. ಒಂದು ವರ್ಷದಲ್ಲಿ ಸಮುದ್ರ ಬಹಳಷ್ಟು ಒಯ್ದಿದೆ. ಆದರೆ ಅಂಥದ್ದೇ."

ಅಕ್ಕ ಆ ಹುಲ್ಲನ್ನು ನೋಡುತ್ತ ನಿಂತಳು. ನಂತರ ನನ್ನ ಕಡೆ ತಿರುಗಿದಳು. ಅವಳ ಮುಖ ಗಟ್ಟಿಯಾಗಿತ್ತು.

"ಅವನು ಹುಲ್ಲಿನ ಮೇಲೆ ನಿಂತದ್ದು ವಿಠಲ," ಎಂದಳು. "ಹುಲ್ಲಿನ ಮೇಲೆ. ನೀನೂ ನಿಂತೆ, ನಾನೂ ನಿಂತೆ. ಕಾಂದಿವಲಿಯವರು ಬಂದಿದ್ರೆ ಅವರೂ ನಿಲ್ತಿದ್ರು."

ನಾನು ಜುಟ್ಟಿಲ್ಲದ ಆ ಕಾಯಿಯನ್ನು ನೀರಿನ ಅಂಚಿನಲ್ಲಿ, ಎರಡು ಕಲ್ಲುಗಳ ನಡುವೆ ಇಟ್ಟೆ. ಮಾರ್ಗರೆಟ್ ಟೊಪ್ಪಿ ತೆಗೆದು ನಾಯಿಯನ್ನು ಹತ್ತಿರ ಎಳೆದುಕೊಂಡರು. ಅಕ್ಕ ಸೆರಗನ್ನು ತಲೆಗೆ ಹೊದ್ದು ಬಂಡೆಗೆ ಮುಖ ಮಾಡಿ ಕರೆದಳು. ನಿತಿನ್ ಸಣ್ಣವನಿದ್ದಾಗ ಕೆಳಗೆ ಕ್ರಿಕೆಟ್ ಆಡುತ್ತಿದ್ದವನನ್ನು ಮನೆಯ ಗ್ಯಾಲರಿಯಲ್ಲಿ ನಿಂತು ಊಟಕ್ಕೆ ಕರೆಯುತ್ತಿದ್ದ ದನಿಯೇ ಅದು.

"ನಿತಿನ್. ಬಾ ಮಗ. ಮನೆಗೆ ಹೋಗುವ."

ಕಾಯಿ ಅಲೆಯಲ್ಲಿ ಎದ್ದು, ಒಂದು ಸಲ ಉರುಳಿ, ಹೊರಟುಹೋಯಿತು. ಅಕ್ಕ ಬೆನ್ನು ತಿರುಗಿಸಿ ಮೆಟ್ಟಿಲಿನ ಕಡೆ ನಡೆಯತೊಡಗಿದಳು. ಒಮ್ಮೆಯೂ ಹಿಂದೆ ನೋಡಲಿಲ್ಲ. ಬೀಳ್ಕೊಡುವಾಗ ಮಾರ್ಗರೆಟ್ ಏನೋ ಹೇಳಿದಾಗ ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು, ಮಾತಾಡಲಿಲ್ಲ. ನಾನು ಕಾರಣ ಹೇಳಿದೆ. ಅವರು ಕೂಡಲೇ ತಾವೂ ಮಾತು ನಿಲ್ಲಿಸಿ, ತಲೆಬಾಗಿಸಿ ಹೊರಟರು.

ಮಾತಿಲ್ಲದ ದಾರಿ

ಮರುದಿನ ನಮ್ಮ ವಿಮಾನ. ಕಮಾಲ್ ಭಾಯಿ ದಾರಿಗೆಂದು ಉಪ್ಪಿಟ್ಟು ಕಟ್ಟಿಕೊಟ್ಟರು. ನೀರು ಹೆಚ್ಚಾಗಿತ್ತು, ನಾನು ಬಾಯಿ ಮುಚ್ಚಿಕೊಂಡು ತಿಂದೆ. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಅಕ್ಕನನ್ನು ನೇರವಾಗಿ ಪ್ರಶ್ನೆ ಕೇಳಿದಾಗ, ಗಂಟಲು ಹೋಗಿದೆ ಎಂದು ನಾನು ಸುಳ್ಳು ಹೇಳಿದೆ. ಅವನು ಪಾಪ, ಬಿಸಿನೀರಿಗೆ ಜೇನು ಹಾಕಿ ಕುಡಿಯಲು ಹೇಳಿದ. ಆ ಜನಕ್ಕೆ ಸಲಹೆ ಕೊಡುವುದೆಂದರೆ ಪ್ರೀತಿ, ಈ ಒಂದು ವಿಷಯದಲ್ಲಿ ನಮ್ಮ ಮಾಟುಂಗಾದವರಿಗಿಂತ ಏನೂ ಕಡಿಮೆಯಿಲ್ಲ.

ವಿಮಾನದಲ್ಲಿ ಅಕ್ಕನ ಪಕ್ಕದ ಸೀಟು ಖಾಲಿ ಉಳಿಯಿತು. ಅವಳು ಅದರ ಮೇಲೆ ತನ್ನ ಶಾಲು ಹರಡಿದಳು. ಹಿಂದಿನ ಸಾಲಿನ ಉದ್ದನೆಯ ಮನುಷ್ಯನೊಬ್ಬ ಬಂದು, ಕಾಲು ಚಾಚಲು ಅಲ್ಲಿ ಕೂರಬಹುದೇ ಎಂದು ನನ್ನನ್ನು ಕೇಳಿದ.

"ಅಲ್ಲಿ ಜನ ಇದ್ದಾರೆ," ಎಂದೆ.

ಅವನು ಸೀಟು ನೋಡಿದ, ನನ್ನನ್ನು ನೋಡಿದ, ಹಿಂತಿರುಗಿದ. ಅಕ್ಕ ಕಿಟಕಿಯ ಕಡೆ ಮುಖ ಮಾಡಿದ್ದಳು. ಅವಳ ಕೈ ಬಂದು ನನ್ನ ಕೈಯನ್ನು ಒಮ್ಮೆ ಒತ್ತಿತು.

ಕುರ್ಲಾ

ಮುಂಬಯಿಯಲ್ಲಿ ಇಳಿದು ವಡಾಲಕ್ಕೆ ಟ್ಯಾಕ್ಸಿ ಮಾಡುವ ಎಂದೆ. ಅಕ್ಕ ಬೇಡವೆಂದು ಕೈಯಾಡಿಸಿದಳು. ಕೈಯನ್ನು ಮೇಲೆತ್ತಿ ಮುಷ್ಟಿ ಮಾಡಿ ತೋರಿಸಿದಳು, ಕಂಬಿ ಹಿಡಿದ ಹಾಗೆ. ಅರ್ಥವಾಯಿತು. ನಿತಿನ್ ಕುರ್ಲಾದಿಂದ ಮನೆಗೆ ಯಾವತ್ತೂ ಹೋಗುತ್ತಿದ್ದದ್ದು ಲೋಕಲಿನಲ್ಲಿ. ಬೇರೆ ದಾರಿಯಲ್ಲಿ ಹೋದರೆ ಅವನಿಗೆ ತಿಳಿಯಬೇಕಲ್ಲ.

ಟ್ಯಾಕ್ಸಿಯನ್ನು ಕುರ್ಲಾದವರೆಗೆ ಮಾತ್ರ ಮಾಡಿ, ಸಾಮಾನುಗಳನ್ನು ನನ್ನ ಹೊಟೇಲಿನಲ್ಲಿ ಇಳಿಸಿದೆವು. ಯಾರೂ ಅವಳನ್ನು ಮಾತಾಡಿಸದಂತೆ ಮೊದಲೇ ಫೋನಿನಲ್ಲಿ ಹೇಳಿದ್ದೆ. ಹಾರ್ಬರ್ ಲೈನಿನ ಪ್ಲಾಟ್‌ಫಾರ್ಮಿಗೆ ಹೋಗಿ ಗಂಡಸರು ಹತ್ತುವ ಜನರಲ್ ಡಬ್ಬಕ್ಕೇ ಹತ್ತಿದೆವು. ಮಧ್ಯಾಹ್ನವಾದ್ದರಿಂದ ಜನ ಕಡಿಮೆ. ಅಕ್ಕನಿಗೆ ಬಾಗಿಲಿನ ಹತ್ತಿರವೇ ಸೀಟು ಸಿಕ್ಕಿತು. ಕುರ್ಲಾ ಬಿಟ್ಟರೆ ಚುನಾಭಟ್ಟಿ, ಜಿಟಿಬಿ ನಗರ, ಆಮೇಲೆ ವಡಾಲ. ಇನ್ನು ಹೆಚ್ಚು ಹೊತ್ತಿಲ್ಲ ಎಂದು ನನಗೆ ಉಸಿರು ಹಗುರಾಯಿತು. ನಂಬದವನಿಗೆ ಉಸಿರು ಹಗುರಾಗುವುದು ಏಕೆ ಎಂದು ಕೇಳಬೇಡಿ.

ಬಾಗಿಲಲ್ಲಿ ಆಫೀಸಿನ ಬ್ಯಾಗು ಹಾಕಿಕೊಂಡ ಗಂಡಸೊಬ್ಬ ನಿಂತಿದ್ದ. ಮೂವತ್ತರ ಆಸುಪಾಸು. ಒಂದು ಕೈ ಮೇಲೆತ್ತಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ನೋಡುತ್ತ, ಮೈಯನ್ನು ಹೊರಗೆ ವಾಲಿಸಿ ಗಾಳಿಗೆ ಮುಖ ಕೊಟ್ಟಿದ್ದ. ಇಂಥವರನ್ನು ನಾವು ದಿನವೂ ನೋಡುತ್ತೇವೆ, ಅಂದರೆ ನೋಡುವುದೇ ಇಲ್ಲ. ಅಕ್ಕ ಅವನನ್ನು ನೋಡಿದಳು.

ಚುನಾಭಟ್ಟಿ ಹೋಯಿತು. ಹಳಿಯ ಪಕ್ಕದ ಕಂಬಗಳು ಅವನ ತಲೆಯ ಹತ್ತಿರದಿಂದ ಒಂದೊಂದಾಗಿ ಹಾದುಹೋಗುತ್ತಿದ್ದವು. ಅಕ್ಕನ ತುಟಿ ಬಿಗಿಯಾಗಿ ಮುಚ್ಚಿತ್ತು. ಬೇಡ ಅಕ್ಕ ಎಂದು ನಾನು ಅವಳ ಸೆರಗು ಹಿಡಿದೆ. ಅವಳು ಮೆಲ್ಲಗೆ ನನ್ನ ಬೆರಳುಗಳನ್ನು ಬಿಡಿಸಿ ಎದ್ದಳು. ಅವನ ಬ್ಯಾಗು ಎಳೆಯಲಿಲ್ಲ, ಕಿರುಚಲಿಲ್ಲ. ಒಂದು ಕೈಯಲ್ಲಿ ಸೀಟಿನ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಅವನತ್ತ ಚಾಚಿದಳು.

"ಒಳಗೆ ಬಾ ಮಗ," ಎಂದಳು.

ಭಾಷೆ ತಿಳಿಯದಿದ್ದರೂ ಅವನು ತಿರುಗಿದ.

"ಜರಾ ಪಕಡ್ ಬೇಟಾ," ಎಂದಳು. "ಮೇರೆ ಕೋ ಬಿಠಾ ದೇ."

ಅವನು ಫೋನನ್ನು ಜೇಬಿಗೆ ತುರುಕಿ ಒಳಗೆ ಬಂದ. ಅಕ್ಕನ ತೋಳು ಹಿಡಿದು ಕೂರಿಸಿದ. "ಕ್ಯಾ ಹುವಾ ಆಂಟಿ? ಚಕ್ಕರ್ ಆಯಾ ಕ್ಯಾ?" ಎಂದ. ತನ್ನ ಬಾಟಲಿಯಿಂದ ನೀರು ಕೊಟ್ಟು, ಎಲ್ಲಿ ತಲೆಸುತ್ತಿ ಬೀಳುತ್ತಾಳೋ ಎಂದು ಅವಳೆದುರೇ ಕಾವಲಿಗೆ ನಿಂತುಕೊಂಡ.

ನನ್ನ ಕಣ್ಣು ತುಂಬಿತ್ತು. "ಅಕ್ಕ, ಮಾತಾಡಿಬಿಟ್ಟೆಯಲ್ಲ," ಎಂದೆ. "ಅಷ್ಟು ದೂರದಿಂದ ತಂದು, ಮನೆ ಹತ್ತಿರ ಬಂದಾಗ."

"ಗೊತ್ತುಂಟು," ಎಂದಳು. ಅವಳ ಕಣ್ಣು ಆ ಗಂಡಸಿನ ಕೈಯ ಮೇಲಿತ್ತು. ಅದು ಈಗ ಒಳಗಿನ ಹಿಡಿಕೆಯನ್ನು ಹಿಡಿದಿತ್ತು. "ಕರೆದದ್ದಕ್ಕೆ ಬಂದ ನೋಡು. ಅವತ್ತು ಅಲ್ಲಿ ಯಾರಾದ್ರೂ ಕರೆದಿದ್ರೆ ಅವನೂ ಬರ್ತಿದ್ದ."

ವಡಾಲದಲ್ಲಿ ಇಳಿದೆವು. ಸೇತುವೆ ಹತ್ತಿ ಇಳಿದು, ಮನೆಯ ಮೆಟ್ಟಿಲು ಹತ್ತಿ, ಅಕ್ಕ ಬೀಗ ತೆಗೆದು ಬಾಗಿಲು ದೂಡಿದಳು. ಒಳಗೆ ಹೋಗಲಿಲ್ಲ. ಹೊಸ್ತಿಲ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಳು. ಅಲ್ಲಿ ಹೇಳಬೇಕಾದ ಮಾತನ್ನು ಅವಳು ದಾರಿಯಲ್ಲೇ ಕೊಟ್ಟು ಬಂದಿದ್ದಳು. ಇನ್ನೊಮ್ಮೆ ಹೇಳುವ ಶಕ್ತಿ ಅವಳಲ್ಲಿ ಇರಲಿಲ್ಲ. ಬಾಗಿಲು ತೆರೆದೇ ಇತ್ತು, ಇಬ್ಬರೂ ಹೊರಗೆ ನಿಂತಿದ್ದೆವು.

ನಾನು ತಿರುಗಿ, ಖಾಲಿ ಮೆಟ್ಟಿಲುಗಳ ಕಡೆ ನೋಡಿ, "ಒಳಗೆ ಬಾ ನಿತಿನ್," ಎಂದೆ.

ಅಕ್ಕ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.